ಕರಿ ಮೂಲೆಯ ಕಾರ್ಡುಗಳು

ಗಿಣಿ ಮಾರ್ಕು ಕಾಫಿಪುಡಿಯ ಬಹುಮಾನದ ಪ್ರಕಟಣೆ ಓದಿದ ದಿನವೇ ನಿಂಗರಾಜುವಿಗೆ ಇದರಲ್ಲೇನೋ ಮೋಸವಿದೆ ಅನ್ನಿಸಿತು. ಆಮೇಲೆ, ಹಾಗೆ ಅನ್ನಿಸಿದ್ದೇ ತನ್ನ ತಪ್ಪಿರಬಹುದೇ ಅಂತಲೂ ಅನ್ನಿಸಿತು.

ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯಲ್ಲಿ ಅವನದೊಂದು ಚಿಲ್ಲರೆ ಅಂಗಡಿ. ಉಪ್ಪು, ಬೆಲ್ಲ, ಸೀಮೆಎಣ್ಣೆಯ ಜೊತೆಗೆ ಈಚೆಗೆ ಹುಣಸೂರಿನ ಚಿಕ್ಕಬಸಪ್ಪನವರ ಗಿಣಿ ಮಾರ್ಕು ಕಾಫಿಪುಡಿಯನ್ನೂ ಇಟ್ಟಿದ್ದ. ಕೂಲಿಯವರ ಮನೆಯಲ್ಲಿ ಹುಟ್ಟಿ, ಹಗಲೆಲ್ಲ ಮೂಟೆ ಹೊತ್ತು, ಸಂಜೆ ಹತ್ತಿರದ ಕೋಟೆ ಪಟ್ಟಣದ ರಾತ್ರಿಶಾಲೆಯಲ್ಲಿ ಲಾಟೀನಿನ ಮುಂದೆ ಕೂತು ಅಕ್ಷರ ಕಲಿತವನು. ಹಾಗೆ ಕಲಿತ ಅಕ್ಷರದ ಮೇಲೆ ಅವನಿಗೆ ಪೂರ್ತಿ ನಂಬಿಕೆ ಇರಲಿಲ್ಲ. ಒಂದು ಸಾಲು ಬರೆದರೆ ತಿರುತಿರುಗಿ ಓದಿ ನೋಡುತ್ತಿದ್ದ. ಆದರೂ ಸುತ್ತಿನವರ ಕಾಗದಪತ್ರಗಳನ್ನೆಲ್ಲ ಬರೆದುಕೊಡುತ್ತಿದ್ದವನು ಅವನೇ.

ಪ್ರಕಟಣೆಯಲ್ಲಿ ಗೊಂದಲವೇನೂ ಇರಲಿಲ್ಲ. ಪೊಟ್ಟಣದ ಮೇಲಿನ ಗಿಣಿಯ ಚಿತ್ರ ಕತ್ತರಿಸಿ ಕಾರ್ಡಿಗೆ ಅಂಟಿಸಬೇಕು. ಹೆಸರು, ಊರು ಬರೆದು ಹುಣಸೂರಿನ ಅಂಗಡಿಗೆ ಟಪ್ಪಾಲಿನಲ್ಲಿ ಕಳಿಸಬೇಕು. ಬಂದ ಕಾರ್ಡುಗಳನ್ನೆಲ್ಲ ಗಾಜಿನ ಭರಣಿಗೆ ಹಾಕಿ, ಗೌರಿ ಹಬ್ಬಕ್ಕೆ ಮುಂಚಿನ ಸಂತೆಯ ದಿನ ಎಲ್ಲರ ಎದುರಿಗೆ ಒಂದನ್ನು ಎತ್ತುತ್ತಾರೆ. ಯಾರ ಕಾರ್ಡು ಬಂತೋ ಅವರಿಗೆ ಹೊಲಿಗೆ ಮಿಷನ್ನು.

ಮಿಷನ್ನಿನ ಮಾತು ಕಿವಿಗೆ ಬಿದ್ದದ್ದೇ ಓಡಿಬಂದವಳು ಅಂಗಡಿಯ ಹಿಂದಿನ ಮನೆಯ ಕೆಂಪಾಜಮ್ಮ. ಗಂಡನಿಲ್ಲದ ಹೆಂಗಸು. ರವಿಕೆ, ಅಂಗಿಗಳನ್ನು ಕೈಯಲ್ಲೇ ಹೊಲಿದು ಬದುಕುತ್ತಿದ್ದಳು. ಈಚೆಗೆ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಿಕೊಡಿ ಅಂತ ರಸ್ತೆಯಲ್ಲಿ ಹೋಗುವವರನ್ನೆಲ್ಲ ಕೂಗುವಂತಾಗಿತ್ತು. ಕೈಹೊಲಿಗೆ ಇನ್ನೆಷ್ಟು ದಿನ ನಡೆದೀತು ಅನ್ನುವುದು ಅವಳಿಗೂ ಗೊತ್ತಿತ್ತು, ನಿಂಗರಾಜುವಿಗೂ ಗೊತ್ತಿತ್ತು.

"ಲೋ ನಿಂಗ, ನಂಗೊಂದು ಕಾರ್ಡು ಬರಿಯೋ. ಕಾಫಿಪುಡಿ ಯಾರಾರ ತಕ್ಕೊಳ್ಳಿ, ಗಿಣಿ ನಂಗಿರ್ಲಿ."

"ಬರಿತೀನಿ ಕಣಕ್ಕ. ಆದ್ರೆ ನಮ್ಮ ಕಾರ್ಡು ಭರಣಿಗೆ ಬೀಳ್ತದೆ ಅಂತ ಏನು ಖಾತ್ರಿ?"

"ಬೀಳ್ದೆ ಇನ್ನೆಲ್ಲಿಗೋದಾದು?"

"ಆ ಕಂಠಪ್ಪ ಇದಾನಲ್ಲ, ಸಾವ್ಕಾರ್ರ ಅಕ್ಕನ ಮಗ, ಭರಣಿ ಅವನ ಕೈಲೇ ಇರೋದು. ಸಾಲಿಗ್ರಾಮದ ಕಡೆ ಯಾಪಾರನೂ ಅವಂದೇ. ಅವನ ಗಿರಾಕಿಗೇ ಬರಂಗೆ ಮಾಡ್ಕೊಂಡ್ರೆ ನಾವೇನು ಮಾಡಾದು?"

ಕೆಂಪಾಜಮ್ಮ ಯೋಚನೆಗೆ ಬಿದ್ದಳು. ನಿಂಗರಾಜು ಆಗಲೇ ಯೋಚಿಸಿ ಮುಗಿಸಿದ್ದ. ದೀಪದ ಕಪ್ಪನ್ನು ಹರಳೆಣ್ಣೆಯಲ್ಲಿ ಕಲೆಸಿ ಚಿಪ್ಪಿನಲ್ಲಿ ಇಟ್ಟುಕೊಂಡಿದ್ದ. ಅವಳ ಕಾರ್ಡು ಬರೆದು, ಗಿಣಿ ಅಂಟಿಸಿ, ಬಲಗಡೆಯ ಮೇಲಿನ ಮೂಲೆಗೆ ಹೆಬ್ಬೆರಳಿನಿಂದ ಕಪ್ಪು ಒತ್ತಿದ.

"ಇದು ನಮ್ಮ ಗುರುತು ಕಣಕ್ಕ. ಗಾಜಿನೊಳಗಿದ್ರೂ ದೂರದಿಂದ್ಲೇ ಕಾಣ್ತದೆ. ನಮ್ಮವು ಬಿದ್ದವೋ ಇಲ್ವೋ ನೋಡೇಬುಡಾನ."

"ಮಗೀಗೆ ದೃಷ್ಟಿಬೊಟ್ಟು ಇಕ್ಕಿದಂಗೈತೆ. ಇರ್ಲಿ ಬುಡು, ಯಾರ ಕಣ್ಣೂ ಬೀಳಾಕಿಲ್ಲ."

ಅಷ್ಟರಲ್ಲಿ ಎತ್ತಿನ ಗಾಡಿಯ ದೊಡ್ಡಮಾದಯ್ಯ ಬಂದು ಬಗ್ಗಿ ನೋಡಿದ. "ಏನ್ ಮೇಷ್ಟ್ರೇ, ಅರಮನೆ ಮೊಹರು ಇಲ್ಲೇ ಒತ್ತೀರಾ? ನಂದೂ ಒಂದು ಬರೀರಪ್ಪ. ಮಿಷನ್ನು ಬಂದ್ರೆ ಎತ್ತಿಗೆ ಚಡ್ಡಿ ಹೊಲಿಸ್ತೀನಿ."

ಆ ಮಳೆಗಾಲ ಹ್ಯಾಂಡ್‌ಪೋಸ್ಟಿನಿಂದ ಹೋದ ಕಾರ್ಡುಗಳೆಲ್ಲ ನಿಂಗರಾಜುವಿನ ಒಂದೇ ಕೈಬರಹದವು, ಎಲ್ಲಕ್ಕೂ ಕರಿ ಮೂಲೆ.

ಶ್ರಾವಣದಲ್ಲಿ ಅವನು ಸರಕು ತರಲು ಹುಣಸೂರಿಗೆ ಹೋದ. ಚಿಕ್ಕಬಸಪ್ಪನವರದು ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯ ಕಟ್ಟೆಯ ಮೇಲೆ ದೊಡ್ಡ ಗಾಜಿನ ಭರಣಿ, ಅರ್ಧಕ್ಕಿಂತ ಮೇಲೆ ಕಾರ್ಡು. ನಿಂಗರಾಜು ಬೆಲ್ಲದ ಅಚ್ಚು ನೋಡುವವನ ಹಾಗೆ ಬಗ್ಗಿ, ಭರಣಿಯನ್ನು ಸುತ್ತು ಹಾಕಿ ನೋಡಿದ. ಹಸಿರು ಗಿಣಿಗಳು ಗಾಜಿಗೆ ಒತ್ತಿಕೊಂಡು ಅವನನ್ನೇ ನೋಡುತ್ತಿದ್ದವು. ಕರಿ ಮೂಲೆ ಒಂದೂ ಇಲ್ಲ.

"ಏನಯ್ಯ ನಿಂಗರಾಜು, ಭರಣಿಗೆ ಪ್ರದಕ್ಷಿಣೆ ಹಾಕ್ತಿದೀಯಾ?" ಕಂಠಪ್ಪ ತಕ್ಕಡಿಯ ಹಿಂದಿನಿಂದ ನಕ್ಕ. ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಬೆರಳಿಗೆ ಹಸಿರು ಕಲ್ಲಿನ ಉಂಗುರ.

"ಏನಿಲ್ಲ ಸ್ವಾಮಿ. ನಮ್ಮ ಕಡೆ ಕಾರ್ಡು ಬಂದವಾ ಅಂತ."

"ಟಪ್ಪಾಲಲ್ಲಿ ಬಂದದ್ದೆಲ್ಲ ಇದರೊಳಗೇ ಇದೆ. ನಿಮ್ಮೂರೋರು ಪುಡಿ ಕುಡೀತಾರೋ, ಗದ್ದೆಗೆ ಎರಚ್ತಾರೋ, ನನಗೇನು ಗೊತ್ತು?"

ಮುಖ ನೋಡಿಕೊಂಡು ಇಂಥ ಸುಳ್ಳು ಹೇಳುತ್ತಾನಲ್ಲ ಎಂದು ನಿಂಗರಾಜುವಿಗೆ ಸಿಟ್ಟು ಬಂತು. ಮರುಗಳಿಗೆಗೆ, ಕರಿ ಮೂಲೆಯವು ಒಳಗೆ ಹುದುಗಿರಬಹುದಲ್ಲ ಎಂದೂ ಅನ್ನಿಸಿತು. ಅದೇ ಹೊತ್ತಿಗೆ ಚಿಕ್ಕಬಸಪ್ಪನವರ ತಾಯಿ ಶಿವರುದ್ರಮ್ಮನವರು ಒಳಗಿನಿಂದ ಒಂದು ಚೆಂಬು ಮಜ್ಜಿಗೆ ತಂದಿಟ್ಟರು. ಹಣೆಯ ತುಂಬ ವಿಭೂತಿ, ಬಾಗಿದ ಬೆನ್ನು.

"ಕುಡಿಯಪ್ಪ. ಕೋಟೆ ಕಡೆಯೋನಲ್ವಾ ನೀನು? ಆ ಕಡೆ ಎಲ್ಲಾ... ಹುಷಾರಾಗಿದಾರಾ?"

"ಇದಾರೆ ಅವ್ವಾರೆ."

ಮುದುಕಿ ಅವನ ಮುಖವನ್ನೇ ನೋಡಿ, ಏನೋ ಕೇಳಲು ಹೋಗಿ, ನಿಲ್ಲಿಸಿ ಒಳಗೆ ಹೋದರು. ಮಜ್ಜಿಗೆ ಕುಡಿಯುತ್ತ ನಿಂಗರಾಜುವಿಗೆ ಹೊಳೆಯಿತು: ಹಿಂದೆಲ್ಲ ಈ ಮನೆಯಲ್ಲಿ ಬಂದವರಿಗೆ ಕಾಫಿ ಕೊಡುತ್ತಿದ್ದರು. ಕಾಫಿಪುಡಿ ಮಾರುವ ಮನೆಯಲ್ಲಿ ಕಾಫಿ ಯಾಕೆ ನಿಂತಿತು? ಪುಡಿಗೆ ಏನು ಬೆರೆಸುತ್ತಿದ್ದಾರೆ? ಕಾರ್ಡಿನಲ್ಲಿ ಮೋಸ ಮಾಡುವವರು ಪುಡಿಯಲ್ಲಿ ಮಾಡದೆ ಬಿಟ್ಟಾರೆಯೆ?

ಊರಿಗೆ ಬಂದು ಕೆಂಪಾಜಮ್ಮನಿಗೆ ಹೇಳಿದ. "ಅಡೀಲಿರಬೌದು ಕಣ್ಲಾ, ಸುಮ್ಕಿರು," ಅಂದಳು ಅವಳು. ಅವನು ಸುಮ್ಮನಿರಲಿಲ್ಲ. ಮುಂದಿನ ಕಾರ್ಡುಗಳಿಗೆ ಕಪ್ಪನ್ನು ಇನ್ನೂ ದೊಡ್ಡದಾಗಿ ಒತ್ತಿದ.

ಚೀಟಿ ಎತ್ತುವ ಹಿಂದಿನ ದಿನ ನಿಂಗರಾಜು ಒಬ್ಬನೇ ಹುಣಸೂರಿಗೆ ಬಂದು ಸೋದರತ್ತೆಯ ಮನೆಯಲ್ಲಿ ಇಳಿದುಕೊಂಡ. ಮಧ್ಯಾಹ್ನವೇ ತನ್ನ ಹೆಸರಿನ ಒಂದು ಕಾರ್ಡಿಗೆ ಕರಿ ಮೂಲೆ ಮಾಡಿ ಅಲ್ಲಿನ ಟಪ್ಪಾಲು ಪೆಟ್ಟಿಗೆಗೆ ಹಾಕಿದ. ಬೆಳಿಗ್ಗೆ ಎದ್ದು, ಚಿಕ್ಕಬಸಪ್ಪನವರ ಮನೆಯೆದುರಿನ ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುವವನಂತೆ ಕೂತ. ಎದುರಿನ ಕಾಫಿ ಅಂಗಡಿಯ ಬಾಗಿಲು ಇನ್ನೂ ತೆಗೆದಿರಲಿಲ್ಲ. ಶಿವರುದ್ರಮ್ಮನವರು ಜಗಲಿಯ ಮೇಲೆ ಕೂತಿದ್ದರು.

ಟಪ್ಪಾಲಿನ ಮಂಚಯ್ಯ ಬಂದ. ಕಾರ್ಡಿನ ಕಟ್ಟನ್ನು ಮುದುಕಿಯ ಮಡಿಲಿಗೆ ಹಾಕಿದ. ಆದರೆ ಒಂದು ಕಾರ್ಡನ್ನು ಕೊಡಲಿಲ್ಲ. ಅದನ್ನು ಬೇರೆ ತೆಗೆದು, ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಇಟ್ಟ. ಕರಿ ಮೂಲೆ ಬೀದಿಯ ಈಚೆಗೂ ಕಂಡಿತು. ಮಂಚಯ್ಯ ಬಗ್ಗಿ ಹೆಸರನ್ನು ಪಿಸುಗುಟ್ಟಿದ. ಮುದುಕಿ ಬಾಯಿಗೆ ಸೆರಗು ಹಿಡಿದರು. ಇಬ್ಬರೂ ಬಾಗಿಲ ಕಡೆ ತಿರುಗಿ, ಒಳಗಿನವರು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಶಿವರುದ್ರಮ್ಮನವರು ಇಳಿದು ಬಂದು ಕಾರ್ಡನ್ನು ಹರಿದರು. ಚೂರುಗಳನ್ನು ಎಲೆಯಲ್ಲಿ ಸುತ್ತಿ ಮಂಚಯ್ಯನ ಕೈಗೆ ಕೊಟ್ಟರು. "ಹೊಳೆಗೆ ಬಿಟ್ಬಿಡಪ್ಪ" ಅಂದದ್ದು ಕೇಳಿಸಿತು. ಕಣ್ಣೊರೆಸಿಕೊಂಡು ಒಳಗೆ ಹೋದರು.

ಮುದುಕಿ! ವಿಭೂತಿ ಹಚ್ಚಿದ ಮುದುಕಿ! ಸರ್ಕಾರದ ಟಪ್ಪಾಲಿನವನೂ ಸೇರಿಕೊಂಡಿದ್ದಾನೆ. ಮಾಡುವುದನ್ನು ಮಾಡಿ ಕಣ್ಣೀರು ಬೇರೆ. ಇಡೀ ಮನೆಯೇ ಒಂದಾಗಿರುವಾಗ ಕಂಠಪ್ಪನೊಬ್ಬನನ್ನು ಅನುಮಾನಿಸಿದೆನಲ್ಲ ಎಂದು ಅವನಿಗೆ ತನ್ನ ಮೇಲೇ ಬೇಸರವಾಯಿತು.

ಮಧ್ಯಾಹ್ನದ ಹೊತ್ತಿಗೆ ಸಂತೆಯ ಜನ ಅಂಗಡಿಯ ಮುಂದೆ ತುಂಬಿದರು. ಪಿರಿಯಾಪಟ್ಟಣದ ಹೊಗೆಸೊಪ್ಪಿನವರು, ಕೃಷ್ಣರಾಜನಗರದ ಅಕ್ಕಿಯವರು, ಸಾಲಿಗ್ರಾಮದಿಂದ ಬಂದವರು. ಕೆಂಪಾಜಮ್ಮನೂ ದೊಡ್ಡಮಾದಯ್ಯನೂ ಮೋಟಾರಿನಲ್ಲಿ ಬಂದಿಳಿದರು. ಹಾರ ಹಾಕಿದ ಹೊಲಿಗೆ ಮಿಷನ್ನು ಕಟ್ಟೆಯ ಮೇಲೆ ಹೊಳೆಯುತ್ತಿತ್ತು. ಕೆಂಪಾಜಮ್ಮ ಹತ್ತಿರ ಹೋಗಿ, ಹಸುವಿನ ಮೈ ಸವರಿದಂತೆ ಅದನ್ನು ಒಮ್ಮೆ ಸವರಿ ಬಂದಳು.

ಚಿಕ್ಕಬಸಪ್ಪನವರು ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರು.

"ನಿಲ್ಸಿ!" ಅಂದ ನಿಂಗರಾಜು. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ನಿಲ್ಸಿ ಸಾವ್ಕಾರ್ರೇ. ಈ ಭರಣಿಲಿ ನಮ್ಮೂರಿನ ಕಾರ್ಡು ಒಂದೂ ಇಲ್ಲ. ಇವತ್ತು ಬೆಳಗ್ಗೆ ನಿಮ್ಮನೆ ಮೆಟ್ಲ ಮ್ಯಾಲೆ ನನ್ನ ಕಾರ್ಡು ಅರಿದು ಬಿಸಾಕಿದ್ದ ನಾನು ಕಣ್ಣಾರೆ ಕಂಡಿವ್ನಿ."

ಜನರಲ್ಲಿ ಗುಲ್ಲೆದ್ದಿತು. ಕಂಠಪ್ಪನ ಮುಖ ಕೆಂಪಾಯಿತು. "ಯಾರಯ್ಯ ಹರಿದದ್ದು? ನಾನಾ? ಗಾಜಿನ ಭರಣಿ ಇಡ್ಸಿದ್ದೇ ನಾನು ಕಣಯ್ಯ, ನಿನ್ನಂಥೋರು ಅನುಮಾನ ಪಡಬಾರದು ಅಂತ!"

ಗಲಾಟೆಗೆ ಒಳಗಿನಿಂದ ಶಿವರುದ್ರಮ್ಮನವರು ಬಂದರು. ನಿಂಗರಾಜುವನ್ನು ನೋಡಿದವರೇ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು.

"ಶಿವನೇ... ನೀನು ಬದುಕಿದೀಯೇನಪ್ಪ?"

"ಬದುಕದೆ ಏನಾಗಿವ್ನಿ? ನೀವೇ ತಾನೇ ನನ್ನ ಕಾರ್ಡು ಅರಿದದ್ದು?"

"ಕಾರ್ಡಲ್ವೋ, ಸಾವಿನ ಕಾಗದ! ಕರಿ ಮೂಲೆ ಬಂದಿತ್ತಲ್ಲ, ನಿನ್ನ ಹೆಸರು ಓದಿದ್ನಲ್ಲ ಮಂಚಯ್ಯ!" ಮುದುಕಿ ಹೊಸ್ತಿಲ ಕಡೆ ಕೈ ತೋರಿದರು. "ಸೂತಕ ನಮಗಿಲ್ಲ ಅಂತ ಅಯ್ನೋರು ಹೇಳ್ತಾರೆ. ಆದ್ರೂ ಕರಿ ಮೂಲೆ ಕಾಗದ ಹೊಸ್ತಿಲು ದಾಟಿಸಬಾರದು, ಓದಿ ಅಲ್ಲೇ ಹರೀಬೇಕು. ಹಿಂದಿನಿಂದ್ಲೂ ಹಂಗೇ. ಪಾಪ, ಮೊನ್ನೆ ತಾನೇ ಮಜ್ಜಿಗೆ ಕುಡಿದು ಹೋದ ಹುಡುಗ ಅಂತ ಬೆಳಗ್ಗಿಂದ ಅತ್ತಿದೀನಿ. ಅದಕ್ಕೆ ಮುಂಚೆ ಎಷ್ಟು ಜನ! ಯಾರೋ ಕೆಂಪಾಜಮ್ಮ, ಯಾರೋ ದೊಡ್ಡಮಾದಯ್ಯ..."

"ನಾನೇ ಕಣವ್ವ ಕೆಂಪಾಜಮ್ಮ," ಅಂದಳು ಕೆಂಪಾಜಮ್ಮ ಮುಂದೆ ಬಂದು.

"ನಾನು ದೊಡ್ಡಮಾದಯ್ಯ. ಸತ್ತು ಬಾಳ ದಿನ ಆಯ್ತಾ ತಾಯಿ? ಎತ್ತಿಗೆ ಹುಲ್ಲು ಹಾಕೋರ್ಯಾರು?"

ಯಾರೋ ನಕ್ಕರು. ಶಿವರುದ್ರಮ್ಮನವರು ನಗಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತು, ಮಗನ ಮುಖ ನೋಡಿ, ಇಷ್ಟು ದಿನ ಅಡಗಿಸಿಟ್ಟದ್ದನ್ನು ಹೇಳಿದರು. ಸಾವಿನ ಕಾಗದಗಳು ಒಂದಾದ ಮೇಲೊಂದು ಕೋಟೆಯ ಕಡೆಯಿಂದಲೇ ಬರುತ್ತಿದ್ದವು. ಎಲ್ಲವೂ ಒಂದೇ ಕೈಬರಹ. ಬರೀ ಸತ್ತವರ ಹೆಸರು, ಊರು. ಬಹುಮಾನದ ಕಾರ್ಡಿರಬೇಕು ಅಂತ ಮಂಚಯ್ಯ ಮೊದಲು ಹೇಳಿದ್ದ. ಬಹುಮಾನದ ಕಾರ್ಡಿಗೆ ಯಾರಾದರೂ ಮಸಿ ಬಳಿಯುತ್ತಾರೆಯೆ ಅಂತ ಇವರು ಕೇಳಿದ ಮೇಲೆ ಅವನೂ ಹೌದೆಂದ. ಕಾಗದದ ಮೇಲೆ ತಮ್ಮದೇ ಪೊಟ್ಟಣದ ಗಿಣಿ.

"ನಿಮ್ಮ ಕಾಫಿ ಕುಡಿದೇ ಸತ್ರು ಅಂತ ಗಿಣಿ ಅಂಟಿಸಿ ಹೇಳಿ ಕಳಿಸ್ತಿದಾರೆ ಅಂದ್ಕೊಂಡೆ ಕಣೋ ಬಸಪ್ಪ. ಪ್ಲೇಗು ಬಂದಾಗಲೂ ಒಂದೇ ಊರಿಂದ ಇಷ್ಟು ಕಾಗದ ಬಂದಿರಲಿಲ್ಲ. ನಿನಗೆ ಹೇಳಿದ್ರೆ ಎದೆ ಒಡ್ಕೋತೀಯ ಅಂತ ಬಾಯಿ ಮುಚ್ಕೊಂಡೆ. ಮನೇಲಿ ಕಾಫಿ ನಿಲ್ಲಿಸ್ದೆ. ಮಂಚಯ್ಯನೂ ಬಿಟ್ಟ."

ಚಿಕ್ಕಬಸಪ್ಪನವರು ತಾಯಿಯನ್ನೂ ಭರಣಿಯನ್ನೂ ನೋಡಿದರು. ಆಮೇಲೆ ನಿಂಗರಾಜುವಿನ ಕಡೆ ತಿರುಗಿದರು. "ಕರಿ ಮೂಲೆ ಅಂದ್ರೆ ಸಾವಿನ ಕಾಗದ ಅಂತ ನಿನಗೆ ಗೊತ್ತಿರಲಿಲ್ವೇನಯ್ಯ? ಓದಿದೋನಲ್ವಾ?"

ನಿಜವಾಗಿ ಗೊತ್ತಿರಲಿಲ್ಲ. ನಿಂಗರಾಜುವಿನ ಕೇರಿಯಲ್ಲಿ ಸಾವಿನ ಸುದ್ದಿ ಟಪ್ಪಾಲಿನಲ್ಲಿ ಬರುತ್ತಿರಲಿಲ್ಲ, ನಡೆದುಕೊಂಡು ಬರುತ್ತಿತ್ತು. ಒಬ್ಬ ಆಳು ಬಂದು, ಒಳಗೆ ಕಾಲಿಡದೆ, ಕೊಟ್ಟ ನೀರನ್ನೂ ಮುಟ್ಟದೆ, ಅಂಗಳದಾಚೆ ನಿಂತು ಹೇಳಿ ಹೋಗುತ್ತಿದ್ದ. ಅವನ ಅಪ್ಪ ಹೋದಾಗಲೂ ಹಾಗೇ ನಾಲ್ಕೂ ದಿಕ್ಕಿಗೆ ಆಳುಗಳು ಹೋಗಿದ್ದರು. ರಾತ್ರಿಶಾಲೆಯ ಮೇಷ್ಟರು ಶ್ರೀ ಹಾಕುವುದನ್ನು, ಕ್ಷೇಮ ಕೇಳುವುದನ್ನು ಕಲಿಸಿದ್ದರು. ಸಾವಿನ ಕಾಗದ ಹೇಗಿರುತ್ತದೆಂದು ಕಲಿಸಿರಲಿಲ್ಲ. ಇದನ್ನೆಲ್ಲ ಹೇಳಬೇಕೆಂದುಕೊಂಡ. ಆದರೆ ಬಾಯಿಗೆ ಬಂದದ್ದು ಒಂದೇ ಮಾತು: "ಗುರುತಿಗೆ ಅಂತ ಇಕ್ಕಿದೆ ಯಜಮಾನ್ರೇ. ಮೋಸ ಆಗದಿರ್ಲಿ ಅಂತ."

ಕಂಠಪ್ಪ ಜೋರಾಗಿ ಉಸಿರು ಬಿಟ್ಟ. "ಮೋಸ ಆಗದಿರ್ಲಿ ಅಂತ ನಿಮ್ಮೂರನ್ನೇ ಹೊಳೆಗೆ ಹಾಕಿಸಿದೆಯಲ್ಲಯ್ಯ."

ಹರಿದ ಕಾರ್ಡುಗಳೆಲ್ಲ ಲಕ್ಷ್ಮಣತೀರ್ಥ ಹೊಳೆಯಲ್ಲಿ ಕೊಚ್ಚಿ ಹೋಗಿದ್ದವು. ಹೊಸದಾಗಿ ಬರೆದು ಹಾಕಿಕೊಳ್ಳಲಿ ಎಂದರು ಚಿಕ್ಕಬಸಪ್ಪನವರು. ತಕ್ಷಣ ಹಾರನಹಳ್ಳಿಯ ಹೊಗೆಸೊಪ್ಪಿನವನೊಬ್ಬ ಕೈ ಎತ್ತಿದ.

"ಅದೆಂಗಾದಾತು ಸಾವ್ಕಾರ್ರೇ? ಎಷ್ಟು ಕಾರ್ಡು ಬಂದಿದ್ವು ಅಂತ ಕಂಡೋರ್ಯಾರು? ಇವನು ಇಲ್ಲದೋರ ಎಸರೆಲ್ಲ ಬರೆದು ಭರಣಿ ತುಂಬಿಸಿಬುಟ್ರೆ?"

ಎಲ್ಲರ ಕಣ್ಣೂ ನಿಂಗರಾಜುವಿನ ಮೇಲೆ ಬಿದ್ದವು. ಅನುಮಾನದ ಕಣ್ಣು ಎದುರಿನಿಂದ ಹೇಗೆ ಕಾಣುತ್ತದೆಂದು ಅವನು ಈವರೆಗೆ ನೋಡಿರಲಿಲ್ಲ. ತಾನು ಭರಣಿಯ ಸುತ್ತ ಬಗ್ಗಿ ನೋಡುತ್ತಿದ್ದಾಗ ಕಂಠಪ್ಪನಿಗೂ ಹೀಗೇ ಕಂಡಿರಬೇಕು. ರೇಗಬೇಕೆನ್ನಿಸಿತು, ಆಗಲಿಲ್ಲ.

"ಅವರು ಕೇಳಾದು ಸರಿಯೇ," ಅಂದ. "ನಾನಾಗಿದ್ರೂ ಅಂಗೇ ಕೇಳ್ತಿದ್ದೆ."

ಕೊನೆಗೆ ಹೀಗೆಂದು ತೀರ್ಮಾನವಾಯಿತು. ಇವತ್ತು ಚೀಟಿ ಎತ್ತುವುದು ಬೇಡ, ಮುಂದಿನ ಸಂತೆಗೆ ಎತ್ತುವುದು. ಕಾರ್ಡು ಕಳೆದುಕೊಂಡವರು ತಾವೇ ಬಂದು, ಎಲ್ಲರ ಎದುರಿಗೆ ಹೆಸರು ಬರೆಸಿ, ತಮ್ಮ ಕೈಯಾರೆ ಭರಣಿಗೆ ಹಾಕಬೇಕು. ಅವರನ್ನು ಕರೆತರಲು ಚಿಕ್ಕಬಸಪ್ಪನವರೇ ಕಾಫಿಬೀಜದ ಲಾರಿ ಕಳಿಸುತ್ತಾರೆ. ಕೆಂಪಾಜಮ್ಮನೂ ದೊಡ್ಡಮಾದಯ್ಯನೂ ಬಂದೇ ಇದ್ದಾರಲ್ಲ, ಅವರವು ಈಗಲೇ ಆಗಲಿ, ಮೊದಲು ಅವಳದು ಎಂದರು. ನಿಂಗರಾಜು ಅಭ್ಯಾಸದಂತೆ ಲೇಖನಿಗೆ ಕೈ ಚಾಚಿದ.

"ನೀನು ಬ್ಯಾಡ ಕಣ್ಲಾ," ಅಂದಳು ಕೆಂಪಾಜಮ್ಮ ಮೆಲ್ಲಗೆ. "ಅಯ್ಯಾ ಕಂಠಪ್ನೋರೇ, ನೀವೇ ವಸಿ ಬರೀರಿ."

ಕಂಠಪ್ಪ ಬರೆದುಕೊಟ್ಟ. ನಿಂಗರಾಜು ಹಿಂದೆ ಸರಿದು ನಿಂತ. ಅವಳ ಹೆಸರು ಸರಿಯಾಗಿದೆಯೇ ಎಂದು ಬಗ್ಗಿ ನೋಡುವ ಆಸೆಯನ್ನು ಹಲ್ಲು ಕಚ್ಚಿ ತಡೆದುಕೊಂಡ.

ಆ ವಾರ ಅವನು ಮನೆಮನೆಗೆ ಹೋಗಿ, ತನ್ನಿಂದಾದದ್ದನ್ನು ಬಾಯಿಬಿಟ್ಟು ಹೇಳಿದ. ಬೈದವರು ಬೈದರು, ನಕ್ಕವರು ನಕ್ಕರು. "ಒಂದು ಸಲ ಸಾಯಿಸಿದ್ದು ಸಾಲ್ದಾ, ಲಾರಿಗೆ ಬೇರೆ ಹತ್ತಿಸ್ತೀಯಾ?" ಎಂದು ಬಾಗಿಲು ಹಾಕಿಕೊಂಡವರೂ ಇದ್ದರು. ಒಪ್ಪಿದವರು ಸಂತೆಯ ದಿನ ಲಾರಿಯ ಬೀಜದ ಚೀಲಗಳ ಮೇಲೆ ಕೂತು, ಹಾಡಿಕೊಂಡು ಹುಣಸೂರಿಗೆ ಬಂದು ತಮ್ಮ ಕಾರ್ಡು ಹಾಕಿದರು. ಭರಣಿಯನ್ನು ಕುಲುಕುವ ಕೆಲಸವನ್ನು ಚಿಕ್ಕಬಸಪ್ಪನವರು ಬೇಕೆಂದೇ ನಿಂಗರಾಜುವಿಗೆ ಕೊಟ್ಟರು. ಓದು ಬಾರದ ಶಿವರುದ್ರಮ್ಮನವರು ಎತ್ತಬೇಕೆಂದು ಜನ ಹೇಳಿದರು. ಅವರು ಮುಖ ತಿರುಗಿಸಿ, ಶಿವಶಿವಾ ಅನ್ನುತ್ತ ಕೈ ಇಳಿಸಿ ಒಂದು ಕಾರ್ಡು ತೆಗೆದರು.

ಕಂಠಪ್ಪ ಓದಿದ: "ಸುನಂದಮ್ಮ, ಸಾಲಿಗ್ರಾಮ."

ಸಾಲಿಗ್ರಾಮ! ನಿಂಗರಾಜುವಿನ ಎದೆಯಲ್ಲಿ ಹಳೆಯ ಕಿಚ್ಚು ಭಗ್ಗೆಂದಿತು. ಭರಣಿ ಕುಲುಕಿದ್ದು ತಾನು. ಎತ್ತಿದ್ದು ಅಕ್ಷರ ಬಾರದ ಕೈ. ಕಾರ್ಡಿನಲ್ಲಿ ಮಡಿಕೆಯಿಲ್ಲ, ಗುರುತಿಲ್ಲ. ಅನುಮಾನ ಪಡಲು ಒಂದು ಎಳೆಯೂ ಇಲ್ಲ. ಆದರೂ ಅದು ಹೋಗಲೊಲ್ಲದು.

"ಅಕ್ಕ, ಆ ಕಾರ್ಡು ವಸಿ ಮ್ಯಾಲ್ಮ್ಯಾಲೇ ಇತ್ತಲ್ವಾ..."

"ಬಾಯ್ ಮುಚ್ಲಾ." ಕೆಂಪಾಜಮ್ಮ ಮಿಷನ್ನಿನ ಕಡೆ ಇನ್ನೊಮ್ಮೆ ನೋಡಿ, ಕಣ್ಣು ಕಿರಿದು ಮಾಡಿಕೊಂಡು ತಿರುಗಿದಳು. "ಭರಣಿಗೆ ನನ್ನ ಕೈಯಾರೆ ಹಾಕಿವ್ನಿ, ಬರ್ಲಿಲ್ಲ. ಅಷ್ಟೇ. ನಾಳಿಂದ ದಾರ ನೀನೇ ಪೋಣಿಸ್ಕೊಡು. ನಿನ್ನ ಕಣ್ಣು ಬಲೇ ಚುರುಕು, ಇಲ್ಲದ್ದೂ ಕಾಣ್ತದೆ."

ಶಿವರುದ್ರಮ್ಮನವರು ಹ್ಯಾಂಡ್‌ಪೋಸ್ಟಿನವರನ್ನೆಲ್ಲ ಜಗಲಿಗೆ ಕರೆದು ಕೂರಿಸಿದರು. ಒಳಗಿನಿಂದ ಕಾಫಿ ಬಂತು. ಆ ಮನೆಯಲ್ಲಿ ತಿಂಗಳ ಮೇಲೆ ಮೊದಲ ಕಾಫಿ. ಬಿಸಿ ಲೋಟ ಕೈಯಲ್ಲಿ ಹಿಡಿದು ನಿಂಗರಾಜು, ಮುದುಕಿ ಮೊದಲು ಕುಡಿಯಲಿ ಎಂದು ಕಾದ. ಮುದುಕಿ ತಮ್ಮ ಲೋಟವನ್ನು ಊದುತ್ತ, ಕೋಟೆಯವರು ಕುಡಿದು ಏನಾಗುತ್ತದೋ ನೋಡೋಣ ಎಂಬಂತೆ ಅವನನ್ನೇ ನೋಡುತ್ತಿದ್ದರು.

ಇಬ್ಬರ ನಡುವೆ ಕೂತ ಕೆಂಪಾಜಮ್ಮ, ಎಂದೂ ಕಾಫಿ ಕುಡಿಯದವಳು, ಒಂದೇ ಸಲಕ್ಕೆ ಲೋಟ ಬರಿದು ಮಾಡಿ ಮುಂದೆ ಚಾಚಿದಳು.

"ಅವ್ವ, ಇನ್ನೊಂದೀಟು ಬುಡಿ. ಬೆಲ್ಲ ವಸಿ ಜಾಸ್ತಿ ಇರ್ಲಿ."